ಯಾರೂ ಬಸ್ಸಿನಲ್ಲಿ ಉಳಿಯದಂಥ ಪ್ರವಾಸ

ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಸ್ತ್ರೀಶಕ್ತಿ ಸಂಘಗಳ, ಸ್ವಸಹಾಯ ಗುಂಪುಗಳ ಅಕ್ಕತಂಗಿಯರಿಗೆ,



ಭತ್ತದ ಕೊಯ್ಲು ಮುಗಿದು, ಸಂಕ್ರಾಂತಿ ಕಳೆದು, ಕೈಗೆ ನಾಲ್ಕು ದಿನ ಬಿಡುವು ಸಿಗುವ ಹೊತ್ತಿಗೆ ನಮ್ಮ ವಾರದ ಸಭೆಗಳಲ್ಲಿ ಉಳಿತಾಯದ ಲೆಕ್ಕ ಬರೆದಾದ ಮೇಲೆ ಒಂದು ಮಾತು ಬಂದೇ ಬರುತ್ತದೆ: ಈ ಸಲ ಎಲ್ಲಿಗೆ ಹೋಗೋಣ? ಒಬ್ಬರು ಮಾದಪ್ಪನ ಬೆಟ್ಟ ಅನ್ನುತ್ತಾರೆ, ಇನ್ನೊಬ್ಬರು ಭರಚುಕ್ಕಿ ಅನ್ನುತ್ತಾರೆ, ಹುಡುಗಿಯರು ಇನ್ನೂ ದೂರದ ಹೆಸರು ಹೇಳುತ್ತಾರೆ. ಕೈ ಎತ್ತಿಸುತ್ತೇವೆ. ಹೆಚ್ಚು ಕೈ ಎದ್ದ ಕಡೆಗೆ ಬಸ್ಸು ಗೊತ್ತಾಗುತ್ತದೆ. ಅಲ್ಲಿಗೆ ಹೋಗಿ ಇಳಿದಾಗ, ಪ್ರತಿ ಸಂಘದಲ್ಲೂ ಯಾರಾದರೊಬ್ಬ ಹಿರಿಯಕ್ಕ ಕಿಟಕಿಯ ಪಕ್ಕದ ಸೀಟು ಬಿಟ್ಟೇಳದೆ ಹೇಳುವ ಮಾತು ನಿಮಗೆಲ್ಲ ಗೊತ್ತು: ‘ನೀವ್ ಹೋಗ್ಬುಟ್ಟು ಬನ್ನಿ ಕನವ್ವ, ನಾನು ಬಸ್ಸಲ್ಲೇ ಕುಂತಿರ್ತೀನಿ.’

ಈ ಪತ್ರ ಬರೆಯುತ್ತಿರುವುದು ಆ ಒಂದು ಮಾತಿನ ಸಲುವಾಗಿ. ಆಕೆಯೂ ವಾರವಾರ ದುಡ್ಡು ಕಟ್ಟಿದ್ದಾಳೆ. ಬೆಳಗಿನ ಜಾವ ಎದ್ದು ಪುಳಿಯೋಗರೆ ಕಲಸಿ ಡಬ್ಬಿ ತುಂಬಿದ್ದಾಳೆ, ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆ ಉಟ್ಟಿದ್ದಾಳೆ. ಸಭೆಯಲ್ಲಿ ಎಲ್ಲರ ಜೊತೆ ಕೈಯನ್ನೂ ಎತ್ತಿದ್ದಾಳೆ. ಮಂಡಿ ನೋವೆಂದು ಅಷ್ಟು ಜನರ ಮುಂದೆ ಹೇಳಿ ಕಿರಿಯರ ಉತ್ಸಾಹಕ್ಕೆ ತಣ್ಣೀರು ಎರಚುವುದು ಆಕೆಗೆ ಬೇಕಿರಲಿಲ್ಲ. ಹಾಗಾಗಿ ನನ್ನ ಮೊದಲ ಕೋರಿಕೆ ಇದು: ಊರಿನ ಹೆಸರಿಗೆ ಕೈ ಎತ್ತಿಸುವ ಮೊದಲು, ಯಾರಿಂದ ಏನಾಗುತ್ತದೆ ಎಂದು ಕೇಳಿ ತಿಳಿಯಿರಿ. ಸಭೆಯಲ್ಲಿ ಕೇಳಬೇಡಿ. ಮನೆಗೆ ಹೋಗಿ, ಜಗಲಿಯ ಮೇಲೆ ಕೂತು ಕೇಳಿ. ಅಧ್ಯಕ್ಷೆ ಹೋಗುವುದಕ್ಕಿಂತ ಆಕೆಯ ಒಡನಾಡಿ ಹೋದರೆ ನಿಜ ಹೊರಬರುತ್ತದೆ.

‘ನಡೆಯಕ್ಕೆ ಆಯ್ತದಾ?’ ಎಂದಷ್ಟೇ ಕೇಳಿದರೆ ‘ಆಯ್ತದೆ’ ಎಂಬ ಉತ್ತರವೇ ಬರುತ್ತದೆ. ಗದ್ದೆ ಬದುವಿನ ಮೇಲೆ ದಿನವೂ ನಡೆಯುವವರಿಗೆ ಬೇರೆ ಉತ್ತರ ಎಲ್ಲಿಂದ ಬರಬೇಕು? ಬಿಡಿಸಿ ಕೇಳಬೇಕು. ಒಂದೇ ಸಮ ಎಷ್ಟು ಮೆಟ್ಟಿಲು ಹತ್ತುತ್ತೀರಿ, ಇಳಿಯುವಾಗ ಮಂಡಿ ಹಿಡಿಯುತ್ತದೆಯೇ? ಕ್ಯೂನಲ್ಲಿ ಎಷ್ಟು ಹೊತ್ತು ನಿಲ್ಲಬಲ್ಲಿರಿ? ತಿರುವಿನ ರಸ್ತೆಯಲ್ಲಿ ವಾಂತಿಯಾಗುತ್ತದೆಯೇ? ಶೌಚಾಲಯವಿಲ್ಲದೆ ಎಷ್ಟು ಹೊತ್ತು ತಡೆದುಕೊಳ್ಳಬಲ್ಲಿರಿ? ಈ ಕೊನೆಯ ಪ್ರಶ್ನೆಯನ್ನು ನಾವು ನಾಚಿಕೆಯಿಂದ ನುಂಗಿಬಿಡುತ್ತೇವೆ. ಆದರೆ ನಮ್ಮ ಹೆಂಗಸರು ಪ್ರವಾಸದ ದಿನ ಬೆಳಗಿನಿಂದ ನೀರೇ ಕುಡಿಯದೆ ಬಿಸಿಲಲ್ಲಿ ತಿರುಗುವುದು ಇದೇ ಕಾರಣಕ್ಕೆ. ಮಧ್ಯಾಹ್ನದ ಹೊತ್ತಿಗೆ ತಲೆಸುತ್ತು ಬರುವುದು ಬೆಟ್ಟದಿಂದಲ್ಲ, ಬಾಯಾರಿಕೆಯಿಂದ.

ಸಕ್ಕರೆ ಕಾಯಿಲೆ ಇರುವವರನ್ನು ಬೇರೆಯಾಗಿಯೇ ವಿಚಾರಿಸಿ. ಕಾಯಿಲೆ ಹಳೆಯದಾದಂತೆ ಅಂಗಾಲಿನ ಸ್ಪರ್ಶ ಮಂಕಾಗಬಹುದು. ಬೇಸಿಗೆಯ ಮಧ್ಯಾಹ್ನ ದೇವಸ್ಥಾನದ ಕಲ್ಲುಹಾಸು ಕಾದಿದ್ದರೂ ಅಂಥವರಿಗೆ ಸುಡುವುದು ತಿಳಿಯುವುದಿಲ್ಲ. ಮನೆಗೆ ಬಂದು ಕಾಲು ತೊಳೆಯುವಾಗ ಬೊಬ್ಬೆ ಕಾಣುತ್ತದೆ. ಆ ಬೊಬ್ಬೆ ಹುಣ್ಣಾಗಿ ತಿಂಗಳುಗಟ್ಟಲೆ ಮಾಯದೆ ಕಾಡುವುದುಂಟು. ಬೆಳಗಿನ ಹೊತ್ತಿನಲ್ಲೇ ದರ್ಶನ ಮುಗಿಸುವುದು, ಹತ್ತಿಯ ಕಾಲುಚೀಲ ಹಾಕಿಕೊಳ್ಳುವುದು, ಇವೆರಡನ್ನು ತಪ್ಪಿಸಬೇಡಿ.

ಕೇಳಿ ತಿಳಿದಾದ ಮೇಲೆ ಜಾಗ ಹುಡುಕುವ ಮಾತು. ಇಲ್ಲಿ ಎರಡು ತಪ್ಪು ದಾರಿಗಳಿವೆ. ಗಟ್ಟಿಗಿತ್ತಿಯರಿಗೆ ಒಪ್ಪುವ ಜಾಗ ಆರಿಸಿದರೆ ಅರ್ಧ ಜನ ಬಸ್ಸಿನಲ್ಲಿ ಉಳಿಯುತ್ತಾರೆ. ಕೈಲಾಗದವರಿಗೆ ಮಾತ್ರ ಒಪ್ಪುವ ಜಾಗ ಆರಿಸಿದರೆ, ವರ್ಷಕ್ಕೊಮ್ಮೆ ಹೊಸಿಲು ದಾಟುವ ಸೊಸೆ, ಬೆಟ್ಟ ಕಂಡರೆ ಓಡುವ ಹುಡುಗಿ, ಇವರಿಬ್ಬರೂ ನೆರಳಲ್ಲಿ ಕೂತು ಕಡಲೆಕಾಯಿ ಸುಲಿದು ಮನೆಗೆ ಬರುತ್ತಾರೆ. ನಾವು ಹುಡುಕಬೇಕಾದದ್ದು ಒಂದೇ ಕಡೆ ಹಲವು ದಾರಿಗಳಿರುವ, ಆ ದಾರಿಗಳೆಲ್ಲ ಕೊನೆಗೆ ಒಂದೇ ಕಡೆ ಸೇರುವ ಜಾಗ.

ಹಿಮದ ನಾಡಿನವರು ಈ ಲೆಕ್ಕವನ್ನು ಚೆನ್ನಾಗಿ ಕಲಿತಿದ್ದಾರೆ. ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಸ್ಕೀಯಿಂಗ್ ಆಟವನ್ನು ಟಿವಿಯಲ್ಲಿ ನೋಡಿದ್ದೀರಿ. ಯುರೋಪಿನಲ್ಲಿ ಸ್ಕೀಯಿಂಗ್ ಆಡುವ ಜಾಗಗಳ ಇಳಿಜಾರುಗಳಿಗೆ ಬಣ್ಣದ ಗುರುತು ಹಾಕಿರುತ್ತಾರೆ. ಹಸಿರು, ನೀಲಿ ಎಂದರೆ ಹೊಸಬರಿಗೆ, ಕೆಂಪು ಪಳಗಿದವರಿಗೆ, ಕಪ್ಪು ನಿಪುಣರಿಗೆ. ಕಾಶ್ಮೀರದ ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಅಲ್ಲಿನ ತಗ್ಗಿನ ಬಯಲಲ್ಲಿ ಮಕ್ಕಳು ಬಿದ್ದೆದ್ದು ಕಲಿಯುತ್ತಾರೆ. ಕೇಬಲ್ ಕಾರ್ ಎಂಬ ತೂಗುತೊಟ್ಟಿಲು ಎರಡು ಹಂತದಲ್ಲಿ ಮೇಲಕ್ಕೆ ಹೋಗುತ್ತದೆ. ಮೊದಲ ಹಂತ ಕೊಂಗ್ಡೂರಿಯಲ್ಲಿ ನಿಲ್ಲುತ್ತದೆ, ಎರಡನೆಯದು ಅಫರ್ವಾತ್ ಶಿಖರದ ಹತ್ತಿರ 3,900 ಮೀಟರ್ ದಾಟುತ್ತದೆ. ಅಲ್ಲಿಂದ ಜಾರಿ ಬರುವುದು ನುರಿತವರ ಕೆಲಸ. ಹಲಗೆ ಕಟ್ಟದವರೂ ತೊಟ್ಟಿಲಲ್ಲಿ ಕೂತು ಹೋಗಿ ಅದೇ ಹಿಮ ನೋಡಿ ಅದೇ ತೊಟ್ಟಿಲಲ್ಲಿ ಇಳಿಯಬಹುದು. ಮನೆಮಂದಿಯೆಲ್ಲ ಒಟ್ಟಿಗೆ ಹೋಗುವವರು ಅತಿ ಎತ್ತರದ ಬೆಟ್ಟ ಎಲ್ಲಿದೆ ಎಂದು ಹುಡುಕುವುದಿಲ್ಲ. ಹಸಿರು ದಾರಿಯೂ ಕಪ್ಪು ದಾರಿಯೂ ಒಂದೇ ಬುಡಕ್ಕೆ ಬಂದು ಸೇರುತ್ತವೆಯೇ, ಮಧ್ಯಾಹ್ನ ಎಲ್ಲರೂ ಒಂದೇ ಕಡೆ ಕೂತು ಉಣ್ಣಬಹುದೇ ಎಂದು ನೋಡುತ್ತಾರೆ.

ನಮಗೆ ಹಿಮ ಬೇಡ. ಚಾಮುಂಡಿ ಬೆಟ್ಟ ಇದೆ.

‘ಅಯ್ಯೋ, ಮೈಸೂರಿನದಾ!’ ಎಂದು ಪತ್ರ ಮಡಿಸಬೇಡಿ. ಹತ್ತಿರವಿರುವುದರಿಂದ ನಾವು ಆ ಬೆಟ್ಟವನ್ನು ಸರಿಯಾಗಿ ನೋಡಿಯೇ ಇಲ್ಲ. ಹದಿನೇಳನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದ ಸಾವಿರ ಮೆಟ್ಟಿಲು ಬುಡದಿಂದ ತುದಿಯವರೆಗೂ ಇವೆ. ಏಳುನೂರನೆಯ ಮೆಟ್ಟಿಲಿನ ಸುಮಾರಿಗೆ ದೊಡ್ಡ ನಂದಿ. ಆ ನಂದಿಯವರೆಗೆ ವಾಹನ ಹೋಗುವ ರಸ್ತೆಯೂ ಇದೆ, ತುದಿಯವರೆಗೆ ಸರ್ಕಾರಿ ಬಸ್ಸೂ ಇದೆ. ಅಂದರೆ ಒಂದೇ ಬೆಟ್ಟದಲ್ಲಿ ಮೂರು ಬೆಟ್ಟಗಳಿವೆ. ಗಟ್ಟಿ ಕಾಲಿನವರು ಬೆಳಕು ಹರಿಯುವ ಹೊತ್ತಿಗೆ ಬುಡದಿಂದ ಹೊರಟು, ಹರಕೆ ಇದ್ದರೆ ಮೆಟ್ಟಿಲಿಗೆ ಅರಿಸಿನ ಕುಂಕುಮ ಹಚ್ಚುತ್ತಾ ಹತ್ತಲಿ. ಒಂದಿಷ್ಟು ಹತ್ತುವ ಆಸೆ ಇದ್ದು ಪೂರ್ತಿ ಧೈರ್ಯ ಸಾಲದವರು ನಂದಿಯ ಹತ್ತಿರ ಇಳಿದು ಉಳಿದ ಮುನ್ನೂರು ಮೆಟ್ಟಿಲು ಹತ್ತಲಿ. ಮಿಕ್ಕವರು ಬಸ್ಸಿನಲ್ಲಿ ನೇರವಾಗಿ ಮೇಲಕ್ಕೆ ಬರಲಿ. ಹೊರಡುವ ಹೊತ್ತನ್ನು ಹಿಂದುಮುಂದು ಮಾಡಿಕೊಂಡರೆ ಮೂರೂ ಗುಂಪು ಗೋಪುರದ ಮುಂದೆ ಒಂದೇ ಹೊತ್ತಿಗೆ ಸೇರಬಹುದು. ಮಹಿಷಾಸುರನ ಪ್ರತಿಮೆಯ ಮುಂದೆ ಎಲ್ಲರೂ ಇರುವ ಒಂದು ಫೋಟೊ ತೆಗೆಸಬಹುದು.

ಇಳಿಯುವ ವಿಷಯದಲ್ಲಿ ಒಂದು ಎಚ್ಚರ. ಹತ್ತುವಾಗ ಏದುಸಿರು ಬರುತ್ತದೆ, ನಿಂತರೆ ಸರಿಹೋಗುತ್ತದೆ. ಇಳಿಯುವಾಗ ಮೈಭಾರವೆಲ್ಲ ಮಂಡಿಯ ಮೇಲೆ ಬೀಳುತ್ತದೆ, ಅದು ಮಾರನೆಯ ದಿನ ತಿಳಿಯುತ್ತದೆ. ಐವತ್ತು ದಾಟಿದವರು ಹತ್ತಿದ್ದರೂ ಸರಿ, ಇಳಿಯುವುದು ಬಸ್ಸಿನಲ್ಲೇ ಆಗಲಿ. ಆಷಾಢ ಶುಕ್ರವಾರಗಳನ್ನೂ ಅಮ್ಮನವರ ವರ್ಧಂತಿಯನ್ನೂ ಗುಂಪಿನ ಪ್ರವಾಸಕ್ಕೆ ಆರಿಸಬೇಡಿ. ಆ ದಿನಗಳ ಕ್ಯೂ ಮೆಟ್ಟಿಲಿಗಿಂತ ಕಠಿಣ.

ಹಲವು ದಾರಿಗಳು ಒಂದೇ ಕಡೆ ಸೇರುವ ಗುಣ ಮಾದಪ್ಪನ ಬೆಟ್ಟಕ್ಕೂ ಇದೆ. ತಾಳಬೆಟ್ಟದಿಂದ ಕಾಲ್ನಡಿಗೆಯಲ್ಲಿ ಹತ್ತುವವರು ಹತ್ತಬಹುದು, ಉಳಿದವರು ಬಸ್ಸಿನಲ್ಲಿ ಹೋಗಿ ಮೇಲೆ ಕಾಯಬಹುದು. ಆದರೆ ಅಲ್ಲಿನ ಕಾಲುದಾರಿ ಕಾಡಿನದು, ಬಲು ಉದ್ದ, ಗುಂಪು ಒಡೆಯಬಾರದು. ಬಸ್ಸಿನ ದಾರಿಯ ತಿರುವುಗಳು ವಾಂತಿಯಾಗುವವರಿಗೆ ಕಷ್ಟ. ಅಮಾವಾಸ್ಯೆ, ಶಿವರಾತ್ರಿ, ದೀಪಾವಳಿ, ಯುಗಾದಿಗೆ ಜನಸಾಗರ. ಮಾದಪ್ಪನ ಮೇಲಿನ ಭಕ್ತಿಗೆ ಅಮಾವಾಸ್ಯೆಯೇ ಬೇಕೆನ್ನುವವರಿಗೆ ನಾನು ಎದುರಾಡುವುದಿಲ್ಲ. ಅಂಥವರು ಹರಕೆಯ ಯಾತ್ರೆಯನ್ನು ಬೇರೆ ಮಾಡಿಕೊಳ್ಳಲಿ, ಸಂಘದ ಪ್ರವಾಸವನ್ನು ಸಾಮಾನ್ಯ ದಿನಕ್ಕೆ ಇಟ್ಟುಕೊಳ್ಳಲಿ. ಒಂದು ರಾತ್ರಿ ಉಳಿಯುವ ಹಾಗಿದ್ದರೆ ಮಾತ್ರ ಈ ಬೆಟ್ಟ ಸರಿ.

ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಕಥೆ ಬೇರೆ. 1,450 ಮೀಟರ್ ಎತ್ತರದ ಆ ಬೆಟ್ಟ ಬಂಡೀಪುರದ ಹುಲಿ ಸಂರಕ್ಷಿತ ಪ್ರದೇಶದೊಳಗಿದೆ. ಖಾಸಗಿ ವಾಹನಗಳನ್ನು ಬುಡದಲ್ಲೇ ನಿಲ್ಲಿಸಿ ಕೆಎಸ್ಆರ್‌ಟಿಸಿ ಬಸ್ಸಿನಲ್ಲಿ ಮೇಲೆ ಹೋಗಬೇಕು. ಬೆಟ್ಟ ಹತ್ತುವ ಕಷ್ಟ ಯಾರಿಗೂ ಇಲ್ಲ, ಅಜ್ಜಿ ಮೊಮ್ಮಗಳು ಇಬ್ಬರೂ ಒಂದೇ ಮಂಜಿನಲ್ಲಿ ನಿಲ್ಲುತ್ತಾರೆ. ಮೈಗೆ ಕೆಲಸ ಬೇಕೆನ್ನುವ ಹುಡುಗಿಯರಿಗೆ ಅಲ್ಲಿ ಮಾಡಲು ಏನೂ ಇಲ್ಲ. ಆನೆ ಹುಲಿಗಳಿರುವ ಕಾಡು, ಮನಸ್ಸು ಬಂದ ಕಡೆ ತಿರುಗುವಂತಿಲ್ಲ. ಮುಪ್ಪಿನವರೇ ಹೆಚ್ಚಿರುವ ಸಂಘಕ್ಕೆ ಇದಕ್ಕಿಂತ ಒಳ್ಳೆಯ ಬೆಟ್ಟ ನನಗೆ ಗೊತ್ತಿಲ್ಲ.

ಭರಚುಕ್ಕಿಯನ್ನು ಮಾತ್ರ ಯೋಚಿಸಿ ಆರಿಸಿ. ಬೆಟ್ಟದಲ್ಲಿ ಸೋಲುವವರು ಮೊದಲೇ ಸೋಲುತ್ತಾರೆ, ಅರ್ಧಕ್ಕೆ ಕೂತು ಹಿಂತಿರುಗಬಹುದು. ಜಲಪಾತದಲ್ಲಿ ಮೊದಲು ಇಳಿತ. ತಣ್ಣನೆಯ ಗಾಳಿ, ನೀರಿನ ಸದ್ದು, ಎಲ್ಲರೂ ಇಳಿದುಬಿಡುತ್ತಾರೆ. ಸುಸ್ತಾದ ಮೇಲೆ ಹತ್ತುವುದು ಬಾಕಿ ಇರುತ್ತದೆ, ಆಗ ಬೇರೆ ದಾರಿ ಇಲ್ಲ. ಮೇಲಿನಿಂದಲೇ ಜಲಪಾತ ಚೆನ್ನಾಗಿ ಕಾಣುತ್ತದೆ ಎಂಬುದನ್ನು ಮೊದಲೇ ಹೇಳಿಡಿ. ಇಳಿಯುವವರು ಯಾರು ಎಂಬುದು ಬಸ್ಸಿನಲ್ಲೇ ತೀರ್ಮಾನವಾಗಿರಲಿ.

ಇನ್ನು ನಮ್ಮದೇ ತಾಲ್ಲೂಕುಗಳ ಮಾತು. ನಂಜನಗೂಡಿನವರು ತಲಕಾಡಿಗೆ, ನರಸೀಪುರದವರು ನಂಜುಂಡೇಶ್ವರನಿಗೆ, ಹೀಗೆ ಒಬ್ಬರು ಇನ್ನೊಬ್ಬರ ಊರಿಗೆ ಹೋಗುವ ಪ್ರವಾಸವನ್ನು ನಾವು ಪ್ರವಾಸವೆಂದೇ ಎಣಿಸುವುದಿಲ್ಲ. ನನಗೆ ಇದು ನಷ್ಟವೆನಿಸುತ್ತದೆ.

ತಲಕಾಡಿನ ಕಷ್ಟ ಮರಳು. ದೇವಸ್ಥಾನದಿಂದ ದೇವಸ್ಥಾನಕ್ಕೆ ಹೋಗುವಾಗ ಕಾಲು ಹೂತು ಹೂತು ಎತ್ತಬೇಕು. ಒಂದು ಮೈಲಿಯ ನಡಿಗೆ ಎರಡು ಮೈಲಿಯಷ್ಟು ದಣಿಸುತ್ತದೆ. ಕಣಕಾಲು ಹೊರಳುವುದು, ಸೊಂಟ ಹಿಡಿಯುವುದು ಇಲ್ಲೇ. ಬಿಸಿಲೇರಿದ ಮೇಲೆ ಮರಳು ಕಾಯುತ್ತದೆ. ಆದರೆ ಇಲ್ಲಿಯೂ ದಾರಿ ಹಂಚಬಹುದು. ಪಂಚಲಿಂಗಗಳಲ್ಲಿ ವೈದ್ಯೇಶ್ವರ, ಪಾತಾಳೇಶ್ವರ, ಮರುಳೇಶ್ವರ ತಲಕಾಡಿನಲ್ಲೇ ಇವೆ. ಅರ್ಕೇಶ್ವರ ವಿಜಯಾಪುರದಲ್ಲಿ, ಮಲ್ಲಿಕಾರ್ಜುನ ಮುಡುಕುತೊರೆಯ ಬೆಟ್ಟದ ಮೇಲೆ. ಕೈಲಾಗದವರು ವೈದ್ಯೇಶ್ವರನ ಗುಡಿಯಲ್ಲಿ ನಿಧಾನವಾಗಿ ದ್ವಾರಪಾಲಕರನ್ನೂ ಕೆತ್ತನೆಯನ್ನೂ ನೋಡುತ್ತಾ ಇರಲಿ. ಉಳಿದವರು ಮರಳು ದಾಟಿ ಮಿಕ್ಕ ಗುಡಿಗಳನ್ನೂ ವಿಷ್ಣುವರ್ಧನ ಕಟ್ಟಿಸಿದ ಕೀರ್ತಿನಾರಾಯಣನನ್ನೂ ನೋಡಿ ಬರಲಿ. ಆಮೇಲೆ ಎಲ್ಲರೂ ಬಸ್ಸಿನಲ್ಲಿ ವಿಜಯಾಪುರಕ್ಕೆ ಹೋಗಬಹುದು. ಪಂಚಲಿಂಗ ದರ್ಶನದ ಮಹೋತ್ಸವ ಹಲವು ವರ್ಷಗಳಿಗೊಮ್ಮೆ ಬರುತ್ತದೆ, 2020ರ ಡಿಸೆಂಬರಿನಲ್ಲಿ ಆಗಿತ್ತು. ಆ ದಿನದ ನೂಕುನುಗ್ಗಲಿಗೆ ವಯಸ್ಸಾದವರನ್ನು ಕರೆದೊಯ್ಯಬೇಡಿ. ಲಿಂಗಗಳು ಉಳಿದ ದಿನಗಳಲ್ಲೂ ಅಲ್ಲೇ ಇರುತ್ತವೆ.

ಮರಳಿಗಿಂತ ದೊಡ್ಡ ಮಾತು ಹೊಳೆ. ಬೆಟ್ಟದಲ್ಲಿ ಅಪಾಯ ಇರುವುದು ಬಲವಿಲ್ಲದವರಿಗೆ. ಹೊಳೆಯಲ್ಲಿ ಅದು ತಿರುಗುಮುರುಗು. ನೀರಿಗೆ ಹೆದರುವ ಅಜ್ಜಿ ದಡದಲ್ಲಿ ಚೊಂಬಿನಲ್ಲಿ ಮಿಂದು ಬದುಕುತ್ತಾಳೆ, ಈಜು ಬರುತ್ತದೆಂದು ನಂಬಿದ ಹದಿನೆಂಟರ ಹುಡುಗ ಹೋಗಿಬಿಡುತ್ತಾನೆ. ಕೆರೆಯಲ್ಲಿ ಕಲಿತ ಈಜು ಕಾವೇರಿಯ ಸೆಳೆತಕ್ಕೆ ಸಾಲದು. ತಲಕಾಡಿನ ದಡದಲ್ಲಿ ನೀರು ಮೊಣಕಾಲುದ್ದ ಕಾಣುತ್ತದೆ, ಮುಂದಿನ ಹೆಜ್ಜೆಯಲ್ಲಿ ಮರಳಿನ ಗುಂಡಿ ಇರುತ್ತದೆ. ಮಾಲಂಗಿ ಮಡುವಾಗಲಿ ಎಂಬ ಅಲಮೇಲಮ್ಮನ ಶಾಪದ ಕಥೆ ಕೇಳಿ ಬೆಳೆದ ನಮಗೆ ಮಡು ಎಂದರೇನೆಂದು ಹೊರಗಿನವರು ಬಂದು ಹೇಳಬೇಕಿಲ್ಲ. ಕಪಿಲೆಯ ಕಥೆಯೂ ಹಾಗೆಯೇ. ವಯನಾಡಿನಲ್ಲಿ ಮಳೆ ಬಿದ್ದು ಬೀಚನಹಳ್ಳಿಯ ಕಬಿನಿ ಅಣೆಕಟ್ಟೆಯಿಂದ ನೀರು ಬಿಟ್ಟರೆ, ನಂಜನಗೂಡಿನಲ್ಲಿ ಒಂದು ಹನಿ ಬೀಳದಿದ್ದರೂ ಹೊಳೆ ಏರುತ್ತದೆ. 2019ರ ಆಗಸ್ಟಿನಲ್ಲಿ ಮೈಸೂರಿನ ಹೆದ್ದಾರಿಯ ಮೇಲೇ ನೀರು ಹರಿದದ್ದನ್ನು ನೀವೆಲ್ಲ ಕಂಡಿದ್ದೀರಿ.

ಹಾಗಾಗಿ ಹೊಳೆಯ ವಿಷಯದಲ್ಲಿ ಬಲಾಬಲ ನೋಡಿ ದಾರಿ ಹಂಚುವ ಮಾತೇ ಇಲ್ಲ. ಎಲ್ಲರಿಗೂ ಒಂದೇ ಕಟ್ಟಳೆ: ಸೋಪಾನಕಟ್ಟೆಯ ಮೆಟ್ಟಿಲಲ್ಲಿ ಕೂತು ಚೊಂಬಿನ ಸ್ನಾನ, ಮೊಣಕಾಲಿಗಿಂತ ಆಚೆ ಯಾರೂ ಇಲ್ಲ, ತೆಪ್ಪದಲ್ಲಿ ಜೀವರಕ್ಷಕ ಜಾಕೆಟ್ ಇಲ್ಲದೆ ಕೂರುವಂತಿಲ್ಲ. ತಿರುಮಕೂಡಲಿನ ಸಂಗಮದಲ್ಲಿ ಕಾವೇರಿ, ಕಪಿಲೆ, ಗುಪ್ತಗಾಮಿನಿ ಸ್ಫಟಿಕ ಸರೋವರ ಮೂರೂ ಸೇರುವ ಪುಣ್ಯಕ್ಕೆ ಮುಳುಗಲೇಬೇಕೆಂದಿಲ್ಲ. 1989ರಿಂದ ಅಲ್ಲಿ ಕುಂಭಮೇಳ ನಡೆಯುತ್ತಿದೆ, 2025ರ ಫೆಬ್ರುವರಿಯಲ್ಲೂ ನಡೆಯಿತು. ಅಷ್ಟು ಜನರಲ್ಲಿ ತಲೆಗೆ ನೀರು ಪ್ರೋಕ್ಷಿಸಿಕೊಂಡು ಕೈಮುಗಿದು ಬಂದವರೂ ಬೇಕಾದಷ್ಟು ಇದ್ದರು.

ಸೋಮನಾಥಪುರವನ್ನು ನಾನು ಎಲ್ಲ ಸಂಘಗಳಿಗೂ ಹೇಳುತ್ತೇನೆ. ಹೊಯ್ಸಳರ ದಂಡನಾಯಕ ಸೋಮನಾಥ ಹದಿಮೂರನೆಯ ಶತಮಾನದಲ್ಲಿ ಕಟ್ಟಿಸಿದ ಕೇಶವ ದೇವಾಲಯ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನಮ್ಮದೇ ನರಸೀಪುರ ತಾಲ್ಲೂಕಿನಲ್ಲಿದೆ. ಹುಲ್ಲುಹಾಸಿನ ನಡುವೆ ಸಮತಟ್ಟಾದ ದಾರಿ, ಒಳಗೆ ವಿಶಾಲವಾದ ಅಂಗಳ, ಸುತ್ತ ಕೈಸಾಲೆಯ ನೆರಳು, ಗುಡಿ ನಿಂತಿರುವ ಜಗತಿಗೆ ಕೆಲವೇ ಮೆಟ್ಟಿಲು. ಆ ಮೆಟ್ಟಿಲೂ ಆಗದವರು ಅಂಗಳದಲ್ಲೇ ಒಂದು ಸುತ್ತು ಬಂದರೆ ಆನೆಗಳ ಸಾಲು, ಕುದುರೆಗಳ ಸಾಲು, ರಾಮಾಯಣ ಭಾರತದ ಕಥೆಗಳು ಗೋಡೆಯ ಮೇಲೆ ಕಾಣುತ್ತವೆ. ‘ಪೂಜೆ ಇಲ್ಲದ ಗುಡಿಗೆ ಯಾಕೆ ಹೋಗಬೇಕು’ ಎಂದು ಕೆಲವು ಅಕ್ಕಂದಿರು ಕೇಳುತ್ತಾರೆ. ಪೂಜೆ ಇಲ್ಲದ್ದರಿಂದಲೇ ಅಲ್ಲಿ ಕ್ಯೂ ಇಲ್ಲ, ಯಾರೂ ‘ಮುಂದೆ ನಡೀರಿ’ ಎಂದು ತಳ್ಳುವುದಿಲ್ಲ. ಕಥೆ ಬಲ್ಲ ಹಿರಿಯಕ್ಕನೊಬ್ಬಳು ಕಿರಿಯರಿಗೆ ಗೋಡೆ ಓದಿ ಹೇಳುವ ಜಾಗ ಅದು. ಗಟ್ಟಿ ಕಾಲಿಗಿಂತ ಗಟ್ಟಿ ನೆನಪಿಗೆ ಅಲ್ಲಿ ಬೆಲೆ. ಅಲ್ಲಿಂದ ನರಸೀಪುರಕ್ಕೆ ಬಂದು ಗುಂಜಾ ನರಸಿಂಹಸ್ವಾಮಿಗೆ, ಅಗಸ್ತ್ಯೇಶ್ವರನಿಗೆ ಹಣ್ಣುಕಾಯಿ ಮಾಡಿಸಿದರೆ ಪೂಜೆಯ ಕೊರತೆಯೂ ತೀರುತ್ತದೆ.

ನಂಜನಗೂಡಿಗೆ ಬರುವ ನರಸೀಪುರದ ಅಕ್ಕಂದಿರಿಗೆ ಹೆಚ್ಚು ಹೇಳಬೇಕಿಲ್ಲ. ಬೆಟ್ಟವಿಲ್ಲ, ಊರು ಸಮತಟ್ಟು, ರೈಲೂ ಬರುತ್ತದೆ. ಪಂಚರಥಗಳ ದೊಡ್ಡ ಜಾತ್ರೆಯ ದಿನ ಬಿಟ್ಟು ಬನ್ನಿ. ಉರುಳುಸೇವೆಯ ಹರಕೆ ಇದ್ದವರು ಅದನ್ನು ತೀರಿಸುವಷ್ಟು ಹೊತ್ತು ಉಳಿದವರು ಪ್ರಾಕಾರದಲ್ಲಿ ಅರವತ್ತಮೂರು ಪುರಾತನರ ವಿಗ್ರಹಗಳನ್ನು ನೋಡುತ್ತಾ ಇರಬಹುದು.

ಬಸ್ಸಿನ ಬಗ್ಗೆ ಒಂದು ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ನಮಗೆ ಟಿಕೆಟ್ ದುಡ್ಡಿಲ್ಲ. ಇದರಿಂದ ನಮ್ಮ ಹೆಂಗಸರು ಕಂಡ ಊರುಗಳು ಹೆಚ್ಚಾಗಿವೆ, ಅದಕ್ಕೆ ನನಗೆ ನಿಜವಾದ ಸಂತೋಷವಿದೆ. ಆದರೆ ದುಡ್ಡಿಲ್ಲವೆಂದು ಮೂರು ನಾಲ್ಕು ಬಸ್ಸು ಬದಲಿಸುವ ಊರು ಆರಿಸಿದರೆ, ಎತ್ತರದ ಮೆಟ್ಟಿಲು ಹತ್ತಿ ಇಳಿದು, ಸೀಟಿಲ್ಲದೆ ನಿಂತು, ಹಿರಿಯರ ಶಕ್ತಿ ಬಸ್‌ಸ್ಟ್ಯಾಂಡಿನಲ್ಲೇ ಮುಗಿಯುತ್ತದೆ. ಒಂದೇ ಬಸ್ಸಿನಲ್ಲಿ ಮುಟ್ಟುವ ಊರಾದರೆ ಸರ್ಕಾರಿ ಬಸ್ಸು, ಇಲ್ಲದಿದ್ದರೆ ಎಲ್ಲರೂ ಸೇರಿ ಬಾಡಿಗೆ ವಾಹನ.

ಆ ಉಚಿತ ಪ್ರಯಾಣವನ್ನು ಇನ್ನೊಂದು ಕೆಲಸಕ್ಕೆ ಬಳಸಿ. ಪ್ರವಾಸಕ್ಕೆ ಹದಿನೈದು ದಿನ ಮೊದಲು ಇಬ್ಬರನ್ನು ಜಾಗ ನೋಡಿಬರಲು ಕಳಿಸಿ. ಇಬ್ಬರಲ್ಲಿ ಒಬ್ಬಾಕೆ ಚುರುಕಿನ ಹುಡುಗಿ, ಇನ್ನೊಬ್ಬಾಕೆ ಮಂಡಿ ನೋವಿನ ಅಕ್ಕ ಆಗಿರಬೇಕು. ಹುಡುಗಿಯೊಬ್ಬಳೇ ಹೋದರೆ ‘ಎಲ್ಲಾ ಚೆನ್ನಾಗದೆ’ ಎಂದು ಬರುತ್ತಾಳೆ. ಶೌಚಾಲಯಕ್ಕೂ ಎಂಟು ಮೆಟ್ಟಿಲಿವೆ, ಹಿಡಿದುಕೊಳ್ಳಲು ಕಂಬಿಯಿಲ್ಲ, ಕೂರಲು ಕಟ್ಟೆ ಇರುವುದು ಬಿಸಿಲಿನಲ್ಲಿ, ಇಂಥವೆಲ್ಲ ಕಾಣುವುದು ಅಕ್ಕನ ಕಣ್ಣಿಗೆ.

ಕೊನೆಯದಾಗಿ, ಜೊತೆಗಿರುವವರ ಮಾತು. ಪ್ರತಿ ಗುಂಪಿನಲ್ಲೂ ಹಿರಿಯರ ಕೈ ಹಿಡಿದುಕೊಳ್ಳುವ, ಕಂಕುಳ ಕೂಸನ್ನು ಎತ್ತಿಕೊಳ್ಳುವ, ಚೀಲ ಕಾಯುವ ಕೆಲಸ ಒಬ್ಬಳೇ ಹೆಣ್ಣುಮಗಳ ಪಾಲಿಗೆ ಬರುತ್ತದೆ. ಮೃದು ಸ್ವಭಾವದವಳು, ಇಲ್ಲವೆನ್ನಲಾರದವಳು. ಬೆಳಗಿನಿಂದ ಸಂಜೆಯವರೆಗೆ ಆಕೆ ಏನನ್ನೂ ನೋಡಿರುವುದಿಲ್ಲ. ಕೈಲಾಗದವರಿಗಾಗಿ ಇಷ್ಟೆಲ್ಲ ಯೋಚಿಸಿ ಈ ಒಬ್ಬಳನ್ನು ಮರೆತರೆ ಬಸ್ಸಿನಲ್ಲಿ ಉಳಿಯುವವಳು ಬದಲಾದಳಷ್ಟೇ. ಹೊರಡುವ ಮೊದಲೇ ಸಂಘದ ಪುಸ್ತಕದಲ್ಲಿ ಬರೆದಿಡಿ: ಊಟಕ್ಕೆ ಮೊದಲು ಇಂಥ ಇಬ್ಬರು, ಊಟದ ಮೇಲೆ ಇಂಥ ಇಬ್ಬರು. ಚೀಲ ಕಾಯುವುದಕ್ಕೂ ಪಾಳಿ ಇರಲಿ.

ಮುಂದಿನ ವಾರದ ಸಭೆಯಲ್ಲಿ ಈ ಪತ್ರವನ್ನು ಓದು ಬಲ್ಲ ಯಾರಾದರೂ ಗಟ್ಟಿಯಾಗಿ ಓದಿ. ಆಮೇಲೆ ಒಂದು ವಾರ ಮನೆಮನೆಗೆ ಹೋಗಿ ವಿಚಾರಿಸಲು ಬಿಡಿ, ಕೈ ಎತ್ತಿಸುವುದು ಅದರ ಮುಂದಿನ ವಾರ. ನಿಮ್ಮ ಸಂಘದಲ್ಲಿ ಹತ್ತುವವರೇ ಹೆಚ್ಚಿದ್ದು ಪಕ್ಕದೂರಿನ ಸಂಘದಲ್ಲಿ ವಯಸ್ಸಾದವರೇ ಹೆಚ್ಚಿದ್ದರೆ, ಎರಡೂ ಸೇರಿ ಒಂದೇ ದಿನ ಚಾಮುಂಡಿ ಬೆಟ್ಟಕ್ಕೆ ಹೊರಡಿ. ಆಗ ಮೆಟ್ಟಿಲಿಗೂ ಜನ ಸಿಗುತ್ತಾರೆ, ಬಸ್ಸಿನಲ್ಲಿ ಮೇಲೆ ಹೋಗುವ ಅಕ್ಕನಿಗೂ ತನ್ನ ವಾರಿಗೆಯವರು ಜೊತೆಗಿರುತ್ತಾರೆ.

ಇಂತಿ,
ನಂಜನಗೂಡಿನ ಸಂಘವೊಂದರ ಸದಸ್ಯೆ